ಹೊಳೆಗೆ ಹೋದ ಗುಂಡು

ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಗುಟ್ಟು ಅನ್ನುವ ವಸ್ತು ಬಾಳುವುದಿಲ್ಲ. ಮನೆಮನೆಯಲ್ಲೂ ಪವರ್‌ಲೂಮು ಬೆಳಗಿನಿಂದ ಲಟಪಟ ಬಡಿದುಕೊಳ್ಳುತ್ತಿರುವಾಗ, ಸಾರಿಗೆ ಉಪ್ಪು ಜಾಸ್ತಿಯಾಗಿದೆ ಅಂತ ಗಂಡ ಹೆಂಡತಿಗೆ ಹೇಳಬೇಕಾದರೂ ಚುನಾವಣಾ ಭಾಷಣದ ಗಂಟಲು ಬೇಕು. ಮಗ್ಗ ನಿಂತ ಮೇಲೂ ಆ ಗಂಟಲು ಇಳಿಯುವುದಿಲ್ಲ. ಈ ವಿಷಯದಲ್ಲಿ ಸಂಜೀವಪ್ಪ ಬೀದಿಗೇ ಹಿರಿಯ. ಆಯಸ್ಸೆಲ್ಲ ಮಗ್ಗದ ಪಕ್ಕ ನಿಂತು ಅವನ ಕಿವಿ ಅರ್ಧ ಹೋಗಿತ್ತು. ಉಳಿದರ್ಧದಲ್ಲಿ ಬಿದ್ದ ಮಾತನ್ನು ಅವನು ತನಗೆ ತೋಚಿದಂತೆ ಪೂರ್ತಿ ಮಾಡಿಕೊಳ್ಳುತ್ತಿದ್ದ. ಇಂಥವನ ಕೈಗೆ ದೇವರು ಒಂದು ಗುಟ್ಟು ಕೊಟ್ಟ. ದೇವರಿಗೂ ಕೆಲವು ಸಲ ಕೆಲಸವಿರುವುದಿಲ್ಲ ಅಂತ ಕಾಣುತ್ತೆ.

ಆದದ್ದು ಇಷ್ಟು. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಕಳಸ ಕದಲಿಸಿ, ಬಾಡಿದ ಹೂವನ್ನು ಹೊಳೆಗೆ ಬಿಡಬೇಕಿತ್ತು. ಹೆಂಡತಿ ರುಕ್ಮಿಣಮ್ಮ ಒಳಗೆ ಕಂಡಿಕೆಗೆ ನೂಲು ಸುತ್ತುತ್ತಾ ಕೂತವಳು, ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಿದಳು:

"ರೀ, ದಾರ ನೋಡಿ ಬಿಡ್ಸಿ!"

ಸಂಜೀವಪ್ಪನಿಗೆ ಕೇಳಿಸಿದ್ದು, "ರೀ, ದೂರ ಹೋಗಿ ಬಿಡ್ರಿ."

ಹೆಂಡತಿ ಮಾತು ಮೀರುವ ಗಂಡಸಲ್ಲ ಅವನು. ಕಳಸದ ಕೊರಳಲ್ಲಿದ್ದುದನ್ನೆಲ್ಲ ಹಾಗೇ ಬಾಚಿ ಹಳೇ ಟವೆಲ್ಲಿನಲ್ಲಿ ಗಂಟು ಕಟ್ಟಿ, ಮೊಪೆಡ್ಡಿನ ಮೇಲೆ ಊರು ದಾಟಿ, ಅರ್ಕಾವತಿ ಹರಿಯುವ ಕಡೆಗೆ ಹೋದ. ಆ ವರ್ಷ ಮಳೆ ಚೆನ್ನಾಗಿ ಬಿದ್ದು, ಹೊಳೆ ಅಂತ ಕರೆದರೆ ಯಾರೂ ನಗದಿರುವಷ್ಟು ನೀರಿತ್ತು. ಗಂಟು ಬಿಚ್ಚಿ ಎಲ್ಲವನ್ನೂ ಭಕ್ತಿಯಿಂದ ನೀರಿಗೆ ಬಿಟ್ಟು ಕೈಮುಗಿದ. ಕನಕಾಂಬರ ತೇಲಿತು, ಸೇವಂತಿಗೆ ತೇಲಿತು. ಹೂವಿನ ಅಡಿಯಲ್ಲಿದ್ದ ಕೆಂಪು ದಾರ ಮಾತ್ರ ತೇಲಲಿಲ್ಲ, ಯಾಕೆಂದರೆ ಅದರಲ್ಲಿ ಪೂಜೆಗೆಂದು ಪೋಣಿಸಿದ್ದ ಒಂದು ಜೊತೆ ಚಿನ್ನದ ಗುಂಡು ಇತ್ತು.

ಗುಂಡು ಅಂದರೆ ತಾಳಿಯ ಎರಡೂ ಪಕ್ಕಕ್ಕೆ ಪೋಣಿಸುವ ಮಣಿ, ಕಡಲೆಕಾಳಿಗಿಂತ ಚಿಕ್ಕದು. ಇದು ರುಕ್ಮಿಣಮ್ಮನ ತಾಯಿ ಸಪ್ಪಲಮ್ಮನದು. ಆ ಮಹಾತಾಯಿ ಕೊಳ್ಳುವಾಗ ಅಕ್ಕಸಾಲಿಯ ಮುಂದೆಯೇ ಒಂದನ್ನು ಕಚ್ಚಿ ಪರೀಕ್ಷೆ ಮಾಡಿದ್ದಳು. ಹಲ್ಲಿನ ಗುರುತು ಕೊನೆತನಕ ಹಾಗೇ ಉಳಿದಿತ್ತು. ಸಾಯುವ ಮುಂಚೆ ತನ್ನ ಕೊರಳಿಂದ ಬಿಚ್ಚಿ ಮಗಳ ಕೈಗಿಟ್ಟು, "ನವ್ಯಶ್ರೀ ತಾಳಿಗೆ ಇದನ್ನೇ ಹಾಕ್ಬೇಕು" ಅಂತ ಆಣೆ ಹಾಕಿಸಿಕೊಂಡಿದ್ದಳು. ನವ್ಯಶ್ರೀ ಸಂಜೀವಪ್ಪನ ಒಬ್ಬಳೇ ಮಗಳು. ಅವಳ ಮದುವೆ ಬರುವ ಕಾರ್ತಿಕದಲ್ಲಿ ನಿಶ್ಚಯವಾಗಿತ್ತು.

ಸಂಜೆ ರುಕ್ಮಿಣಮ್ಮ ಕೇಳಿದಳು: "ಗುಂಡು ಬೀರೂಗೆ ಇಟ್ರಾ?"

ಇದು ಮಾತ್ರ ಅವನಿಗೆ ಸ್ಪಷ್ಟವಾಗಿ ಕೇಳಿಸಿತು. ಬಾಯಿ ತಾನಾಗಿ, "ಪಾಲಿಶ್‌ಗೆ ಕೊಟ್ಟಿದೀನಿ ಕಣೇ, ಅಕ್ಕಸಾಲಿ ಹತ್ರ" ಅಂದುಬಿಟ್ಟಿತು. ಗಂಡ ತಾನಾಗಿ ಒಂದು ಕೆಲಸ ಮಾಡಿದನಲ್ಲ ಅಂತ ರುಕ್ಮಿಣಮ್ಮ ಸಂತೋಷಪಟ್ಟು, ರಾತ್ರಿ ಮುದ್ದೆಗೆ ಒಂದು ಚಮಚ ತುಪ್ಪ ಹೆಚ್ಚು ಹಾಕಿದಳು.

ನಿಜ ಹೇಳಿಬಿಡಬಹುದಿತ್ತಲ್ಲ ಅಂತ ನೀವು ಕೇಳಬಹುದು. ಹೇಳುವುದು ಹೇಗೆ? ಅವನಿಗೆ ಕೂಗಲು ಮಾತ್ರ ಬರುತ್ತಿತ್ತು. ಹೆಂಡತಿಗೆ ಹೇಳಿದರೆ ಇಡೀ ಬೀದಿಗೆ ಹೇಳಿದಂತೆ, ಬೀದಿಗೆ ಹೇಳಿದರೆ ಬೀಗರಿಗೆ ಹೇಳಿದಂತೆ. ಮಾರನೆಯ ದಿನ ಹೋಗಿ ಕೈಯಿಂದ ಕೆಸರು ಬಾಚಿ ನೋಡಿದ. ಕೆಸರು ಸಿಕ್ಕಿತು. ಕೊನೆಗೆ ಮೊಬೈಲಿನಲ್ಲಿ ಒಬ್ಬ ಕೆಂಪು ಮೂತಿಯ ಫಾರಿನ್ನಿನವನು ಹೊಳೆಯಲ್ಲಿ ಕೋಲೊಂದನ್ನು ಆಡಿಸಿ ಚಿನ್ನದ ತುಣುಕು ಎತ್ತುವುದನ್ನು ಕಂಡ. ಆ ವೀಡಿಯೋವನ್ನು ಸಂಜೀವಪ್ಪ ಯಾರಿಗೂ ತಿಳಿಯದಂತೆ ಬಚ್ಚಲಲ್ಲಿ ಕೂತು, ಫುಲ್ ವಾಲ್ಯೂಮ್ ಇಟ್ಟು ನೋಡಿದ.

ಹೀಗೆ ಅವನು ಮೆಟಲ್ ಡಿಟೆಕ್ಟರ್ ಕೊಳ್ಳಲು ಬೆಂಗಳೂರಿನ ಬಸ್ಸು ಹತ್ತಿದ.

ಅಂಗಡಿಯ ಹುಡುಗ ತುಂಬಾ ಓದಿಕೊಂಡವನಂತೆ ಕಂಡ. "ಅಂಕಲ್, ಏನ್ ಹುಡುಕ್ತೀರ ಅನ್ನೋದರ ಮೇಲೆ ಮಾಡೆಲ್ಲು" ಅಂದ.

ಸಂಜೀವಪ್ಪ ಹಿಂದೆ ಮುಂದೆ ನೋಡಿ, ಕೌಂಟರಿನ ಮೇಲೆ ಬಾಗಿ, ಬಲು ಗುಟ್ಟಾಗಿ, ಅಂದರೆ ರಸ್ತೆಯಾಚೆಯ ಟೀ ಅಂಗಡಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ ಹೇಳಿದ: "ಹೊಳೇಲಿ! ಚಿನ್ನ!"

ಟೀ ಕುಡಿಯುತ್ತಿದ್ದವರೆಲ್ಲ ಲೋಟ ಕೆಳಗಿಟ್ಟು ತಿರುಗಿ ನೋಡಿದರು.

"ಮೆತ್ತಗೆ ಅಂಕಲ್, ಮೆತ್ತಗೆ. ಒಡವೆನಾ, ಕಾಯಿನ್ನಾ, ಇಲ್ಲ ಮರಳಲ್ಲಿ ಸಿಗೋ ಪುಡಿ ಚಿನ್ನಾನಾ?"

"ಸಣ್ಣದು! ತುಂಬಾ ಸಣ್ಣದು!"

ಹುಡುಗ ತೆಳ್ಳಗಿನ ಕೋಲೊಂದನ್ನು ತೆಗೆದ. ತುದಿಗೆ ಊಟದ ತಟ್ಟೆಯಂಥದ್ದು ಇತ್ತು. "ಸಣ್ಣ ಚಿನ್ನಕ್ಕೆ ಇದೇ ಬೆಸ್ಟು. ಕಬ್ಬಿಣ ಬಂದ್ರೆ ಸುಮ್ನಿರತ್ತೆ. ಚಿನ್ನ ಬಂದ್ರೆ ಮಾತ್ರ ಕಿವೀಲಿ ಟಿಣ್ ಅನ್ನತ್ತೆ." ಸಂಜೀವಪ್ಪನ ತಲೆಗೆ ಹೆಡ್‌ಫೋನ್ ಸಿಕ್ಕಿಸಿ, ತಟ್ಟೆಯ ಕೆಳಗೆ ತನ್ನ ಉಂಗುರ ಇಟ್ಟ.

"ಕೆಟ್ಟೋಗಿದೆ" ಅಂದ ಸಂಜೀವಪ್ಪ.

"ಈಗ ಕೂಗ್ತಾ ಇದೆ ಅಂಕಲ್!"

"ಏನು?"

ಹುಡುಗ ನಿಟ್ಟುಸಿರುಬಿಟ್ಟು ಇನ್ನೊಂದು ತೆಗೆದ. ಇದನ್ನು ನೀರಿನಲ್ಲಿ ಪೂರ್ತಿ ಮುಳುಗಿಸಬಹುದಂತೆ. ಸದ್ದೇ ಇಲ್ಲ, ಲೋಹ ಸಿಕ್ಕರೆ ಹಿಡಿ ನಡುಗುತ್ತದಂತೆ. ಸಂಜೀವಪ್ಪ ಹಿಡಿದು ನಿಂತ. ನಡುಗಿತು. ಸ್ವಿಚ್ ಆಫ್ ಮಾಡಿದರೂ ನಡುಗಿತು. ಮಗ್ಗ ಹಿಡಿದೂ ಹಿಡಿದೂ ಅವನ ಕೈ ಯಾವತ್ತೂ ನಡುಗುವ ಕೈ. ಮೆಷಿನ್ ಯಾವಾಗ ನಡುಗಿತು, ತಾನು ಯಾವಾಗ ನಡುಗಿದೆ ಅಂತ ಬೇರೆ ಮಾಡುವುದು ಮನುಷ್ಯಮಾತ್ರನಿಂದ ಸಾಧ್ಯವಿರಲಿಲ್ಲ.

"ಇದೊಂದಿದೆ" ಅಂತ ಹುಡುಗ ಅಟ್ಟದಿಂದ ಹಳೆಯದೊಂದನ್ನು ಇಳಿಸಿದ. "ಬೇಡ ಅಂತಾನೇ ಹೇಳ್ತೀನಿ. ಸ್ಪೀಕರ್ ಇರೋದು. ಮೊಳೆಗೂ ಕೂಗತ್ತೆ, ಬಾಟ್ಲಿ ಮುಚ್ಚಳಕ್ಕೂ ಕೂಗತ್ತೆ."

ಸ್ವಿಚ್ ಹಾಕಿದ. ಯಾರೂ ಏನೂ ತೋರಿಸುವ ಮುಂಚೆಯೇ ಅದು ಸಂಜೀವಪ್ಪನ ಕಡೆ ತಿರುಗಿ ಕಿಟಾರನೆ ಕಿರುಚಿತು. ಅವನ ಜೇಬಿನಲ್ಲಿ, ಪಂಚೆಯ ಮಡಿಕೆಯಲ್ಲಿ, ತಲೆಗೂದಲಿನಲ್ಲಿ ಸೀರೆ ಅಂಚಿನ ಜರಿಯ ಚೂರು ಮೆತ್ತಿಕೊಂಡಿತ್ತು.

"ಅಂಕಲ್, ಹೊಳೆಗ್ಯಾಕ್ ಹೋಗ್ತೀರ, ನಿಮ್ಮನ್ನೇ ಕರಗ್ಸಬಹುದು" ಅಂದ ಹುಡುಗ.

ಆ ಮಾತು ಸಂಜೀವಪ್ಪನಿಗೆ ಕೇಳಿಸಲಿಲ್ಲ. ಆದರೆ ಮೆಷಿನ್ನಿನ ಸದ್ದು ಕೇಳಿಸಿತು. ಎಷ್ಟೋ ವರ್ಷದ ಮೇಲೆ, 'ಏನಂದ್ರಿ' ಅಂತ ಕೇಳದೆಯೇ ಅವನಿಗೆ ಅರ್ಥವಾದ ಮೊದಲ ಮಾತು ಅದು. ಕಣ್ಣಲ್ಲಿ ನೀರು ಬಂತು. "ಜೋರಾಗಿ ಕೂಗೋ ಇದೇ ಕೊಡಪ್ಪ" ಅಂದ. ಲೋಕದಲ್ಲಿ ಇರುವ ಅಷ್ಟೂ ಡಿಟೆಕ್ಟರುಗಳಲ್ಲಿ ಗುಟ್ಟಿನ ಕೆಲಸಕ್ಕೆ ಬಾರದ ಒಂದೇ ಒಂದನ್ನು ಆರಿಸಿಕೊಂಡು ಅವನು ಊರಿಗೆ ಬಂದ.

ಹೊಳೆಯಲ್ಲಿ ಆ ಮೆಷಿನ್ನು ತನ್ನ ಪ್ರತಾಪ ತೋರಿಸಿತು. ಹೇರ್‌ಪಿನ್ನಿಗೆ ಕೂಗಿತು, ಲಾರಿಯ ನಟ್ಟಿಗೆ ಕೂಗಿತು, ಯಾರೋ ಬಾಗಿನಕ್ಕೆ ಬಿಟ್ಟ ಜರಿಯ ರವಿಕೆ ಕಣಕ್ಕೆ ಮದುವೆಮನೆಯ ವಾಲಗದಂತೆ ಕೂಗಿತು. ಒಂದೊಂದು ಕೂಗಿಗೂ ಸಂಜೀವಪ್ಪ ಬಗ್ಗಿ ಗುಂಡಿ ತೋಡಿದ. ಸೊಂಟ ಹೋಯಿತು, ಉಗುರು ಹೋಯಿತು, ಗುಂಡು ಸಿಗಲಿಲ್ಲ. ಪ್ರತಿ ಸಂಜೆ ರುಕ್ಮಿಣಮ್ಮ, "ಅಕ್ಕಸಾಲಿ ಏನಂದ?" ಅನ್ನುತ್ತಿದ್ದಳು, ಅವನು, "ನಾಳೆ ಅಂದ" ಅನ್ನುತ್ತಿದ್ದ.

ಒಂದು ಬೆಳಿಗ್ಗೆ ಆ ದಾರಿಯಲ್ಲಿ ಅಪ್ಪಯ್ಯಣ್ಣ ಬಂದ. ಇವನು ಅದೇ ಬೀದಿಯವನು, ಬೆಳಿಗ್ಗೆ ಸೀರೆ ದಲ್ಲಾಳಿ, ಮಧ್ಯಾಹ್ನದ ಮೇಲೆ ಸೈಟು ದಲ್ಲಾಳಿ. ಬೈಕು ನಿಲ್ಲಿಸಿ ಕೇಳಿದ:

"ಏನಣ್ಣಾ, ಹೊಳೆಗೆ ಔಷಧಿ ಹೊಡೀತಿದೀಯಾ?"

ಸಂಜೀವಪ್ಪ ಹೌಹಾರಿದ. ಸುಳ್ಳು ಹೇಳಬೇಕೆಂದು ಬಾಯಿ ತೆರೆದ, ಸುಳ್ಳು ಸಿಗಲಿಲ್ಲ. "ಗುಂಡು ಕಣಪ್ಪಾ!" ಅಂದ.

"ಬೆಳಬೆಳಗ್ಗೇನೇ ಹಾಕ್ಕೊಂಡ್ಬಂದಿದೀಯಾ?"

"ಕುಡಿಯೋ ಗುಂಡಲ್ಲ! ಚಿನ್ನದ್ದು! ಹಳೇ ಕಾಲದ್ದು! ಯಾರ್ಗೂ ಹೇಳ್ಬೇಡ!"

ಆಚೆ ದಡದಲ್ಲಿ ಹುಲ್ಲು ಕೊಯ್ಯುತ್ತಿದ್ದ ಹೆಂಗಸರು ಕುಡುಗೋಲು ನಿಲ್ಲಿಸಿದರು. ರಸ್ತೆಯಲ್ಲಿ ಒಂದು ಟ್ರ್ಯಾಕ್ಟರು ಗಕ್ಕನೆ ನಿಂತಿತು.

ಗುಂಡು ಅಂದರೆ ತಾಳಿಯ ಮಣಿ ಅನ್ನುವುದು ಹೆಂಡತಿಯ ಕೊರಳನ್ನು ಎಂದಾದರೂ ನೋಡಿದ ಗಂಡಸಿಗೆ ಹೊಳೆಯಬೇಕು. ಅಪ್ಪಯ್ಯಣ್ಣ ನೋಡಿದವನಲ್ಲ. ಹಳೇ ಕಾಲ, ಚಿನ್ನ, ಗುಂಡು. ಅವನ ತಲೆಯಲ್ಲಿ ಡಂ ಅಂತ ಒಂದು ಫಿರಂಗಿ ಹಾರಿತು. ಮಧ್ಯಾಹ್ನದ ಹೊತ್ತಿಗೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸುದ್ದಿ ಬೆಂದು ಸಿದ್ಧವಾಗಿತ್ತು: ದೇವನಹಳ್ಳಿ ಕೋಟೆಗೆ ಶತ್ರುಗಳು ಮುತ್ತಿಗೆ ಹಾಕಿದಾಗ ಒಳಗಿದ್ದವರು ಖಜಾನೆಯ ಚಿನ್ನವನ್ನೆಲ್ಲ ಕರಗಿಸಿ ಫಿರಂಗಿ ಗುಂಡು ಮಾಡಿ, ಮೇಲೆ ಮಸಿ ಬಳಿದು, ಅರ್ಕಾವತಿಯಲ್ಲಿ ಅಡಗಿಸಿದರು.

"ದೇವನಹಳ್ಳಿ ಎಲ್ಲಿ, ಈ ಹೊಳೆ ಎಲ್ಲಿ? ಅಷ್ಟು ದೂರದಿಂದ ಹೆಂಗ್ ಬಂತು?" ಅಂತ ಒಬ್ಬ ಅವಿವೇಕಿ ಕೇಳಿದ.

"ಗುಂಡು ಅಂದ್ಮೇಲೆ ಹಾರಿ ಬರಲ್ವೇನ್ರೀ!" ಅಂದ ಅಪ್ಪಯ್ಯಣ್ಣ. ಕೇಳಿದವನು ನಾಚಿಕೊಂಡು ತನ್ನ ಇಡ್ಲಿಗೆ ವಾಪಸಾದ.

ಇದಕ್ಕೆ ಶಾಸ್ತ್ರದ ಮುದ್ರೆ ಒತ್ತಿದವರು ಚರಿತ್ರೆ ಪಾಠ ಮಾಡಿ ನಿವೃತ್ತರಾದ ಮುನಿರಾಮಯ್ಯ ಮೇಷ್ಟ್ರು. ಅವರು ಕನ್ನಡಕ ಒರೆಸಿಕೊಂಡು, "ಇದು ಪುಸ್ತಕದಲ್ಲಿ ಎಲ್ಲೂ ಇಲ್ಲ. ಇಷ್ಟು ಚೆನ್ನಾಗಿ ಮುಚ್ಚಿಟ್ಟಿದಾರೆ ಅಂದ್ಮೇಲೆ ನಿಜವೇ ಇರಬೇಕು" ಅಂದರು.

ಭಾನುವಾರ ಹೊಳೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಗುದ್ದಲಿ ತಂದವರು, ಜರಡಿ ತಂದವರು, ನಂದಗುಡಿಯಿಂದ ಟೆಂಪೋ ಮಾಡಿಕೊಂಡು ಸಂಸಾರ ಸಮೇತ ಬಂದವರು. ಚುರುಮುರಿ ಗಾಡಿ ಬಂತು, ಕಬ್ಬಿನ ಹಾಲಿನ ಗಾಡಿ ಬಂತು, ಒಂದು ಜೆಸಿಬಿಯೂ ಬಂತು. ಅಪ್ಪಯ್ಯಣ್ಣ ದಡದ ಮೇಲೆ 'ಗೋಲ್ಡನ್ ರಿವರ್ ಲೇಔಟ್' ಅಂತ ಬ್ಯಾನರ್ ಕಟ್ಟಿ, ಕುರ್ಚಿ ಹಾಕಿ ಕೂತ. ಬೀದಿಯವರಲ್ಲಿ ಮುಕ್ಕಾಲು ಮಂದಿ ಅಲ್ಲೇ ಸೈಟಿಗೆ ಮುಂಗಡ ಕೊಟ್ಟರು. ಮುನಿರಾಮಯ್ಯ ಮೇಷ್ಟ್ರಿಗೆ ಮೂಲೆ ಸೈಟು. ಸಂಜೀವಪ್ಪ ಮಾತ್ರ ಮೆಷಿನ್ ಹೊತ್ತುಕೊಂಡು ಜನರ ಕಾಲುಗಳ ನಡುವೆ ತೂರುತ್ತಾ, "ಸಣ್ಣದೇನಾದ್ರೂ ಸಿಕ್ತೇನ್ರಪ್ಪಾ? ಸಣ್ಣದು?" ಅಂತ ಭಿಕ್ಷೆ ಬೇಡುವಂತೆ ಬೇಡುತ್ತಿದ್ದ.

"ಸಣ್ಣದು ಯಾರಿಗ್ಬೇಕ್ ಗುರು? ಸೈಡಿಗೆ ಹೋಗು, ಇದು ನಮ್ ಗುಂಡಿ!"

ಜನರನ್ನು ಚದುರಿಸಲು ಕಂದಾಯ ಇಲಾಖೆಯ ಮಮತ ಮೇಡಂ ಪೊಲೀಸರೊಂದಿಗೆ ಬಂದು ಇಳಿದರು. ಸರಿಯಾಗಿ ಅದೇ ಗಳಿಗೆಗೆ ಬೈರಪ್ಪ ಅನ್ನುವ ಜರಡಿಯವನು ಕಿರುಚಿದ: "ಸಿಕ್ತು! ಗುಂಡು ಸಿಕ್ತು!"

ಹೊಳೆಗೆ ಹೊಳೆಯೇ ಅತ್ತ ನುಗ್ಗಿತು. ಜರಡಿಯಲ್ಲಿ ಕೆಂಪು ದಾರ, ದಾರದಲ್ಲಿ ಒಂದು ಜೊತೆ ಮಣಿ. ಜನರ ಮುಖ ಬಾಡಿತು. "ಇಷ್ಟೇನಾ ಫಿರಂಗಿ ಗುಂಡು? ಇದರಲ್ಲಿ ನೊಣ ಹೊಡೀಬಹುದು ಅಷ್ಟೇ" ಅಂದರು.

ಮುನಿರಾಮಯ್ಯ ಮೇಷ್ಟ್ರು ಕೈ ಎತ್ತಿದರು. "ತಾಳಿ! ಇದು ಸ್ಯಾಂಪಲ್. ದೊಡ್ಡದನ್ನ ಎರಕ ಹೊಯ್ಯೋ ಮುಂಚೆ ಸಣ್ಣದೊಂದು ಮಾಡಿ ರಾಜರಿಗೆ ತೋರಿಸಲೇಬೇಕಲ್ಲ. ಇಲ್ಲಿ ತಗ್ಗು ಕಾಣ್ತಿದೆಯಲ್ಲ, ಬತ್ತಿ ಇಡೋ ತೂತಿಗೆ ಗುರುತು ಮಾಡಿದಾರೆ."

ಸಪ್ಪಲಮ್ಮನ ಹಲ್ಲಿಗೆ ಇಂಥ ಗೌರವ ಅವಳು ಬದುಕಿದ್ದಾಗ ಸಿಕ್ಕಿರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಮಮತ ಮೇಡಂ ಮಣಿಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಸಿ, ಅರಗಿನ ಮುದ್ರೆ ಒತ್ತಿಸಿ, ಮಣ್ಣಲ್ಲಿ ಸಿಕ್ಕ ನಿಧಿ ಸರ್ಕಾರದ್ದು ಅಂತ ಸಾರಿದರು. ಸಂಜೀವಪ್ಪನ ಕಾಲಿನ ಕೆಳಗಿನ ಕೆಸರು ಒಂದು ಗೇಣು ಇಳಿದಂತಾಯಿತು. ಬಾಯಿ ತೆರೆದ. ಹುಟ್ಟಿದಾಗಿನಿಂದ ಕೂಗಿದ ಆ ಗಂಟಲಿನಿಂದ ಆವತ್ತು ಒಂದು ಎಳೆಯೂ ಹೊರಡಲಿಲ್ಲ. ಹೊರಟಿದ್ದು ಹಿಂದಿನಿಂದ, ಅವನಿಗೆ ಚಿರಪರಿಚಿತವಾದ ಇನ್ನೊಂದು ಗಂಟಲು.

"ಅಯ್ಯೋ ಮೇಡಂ! ಇಂಥದ್ದೇ ಒಂದ್ಜೊತೆ ನಮ್ಮನೇಲೂ ಐತೆ!"

ಊರೆಲ್ಲ ನೋಡಲು ಹೋದಾಗ ರುಕ್ಮಿಣಮ್ಮನೂ ಮಗಳನ್ನು ಕರೆದುಕೊಂಡು ಬಂದಿದ್ದಳು. ಜನರ ತಲೆಗಳ ಮೇಲಿಂದ ಕವರನ್ನು ಕಂಡು ಹೆಮ್ಮೆ ತಡೆಯಲಾಗಲಿಲ್ಲ.

"ನಿಮ್ಮನೇಲಾ? ಎಲ್ಲಿದೆ ಈಗ?" ಅಂದರು ಮೇಡಂ.

"ನಮ್ಮ ಯಜಮಾನ್ರು ಪಾಲಿಶ್‌ಗೆ ಕೊಟ್ಟವ್ರೆ. ಅಗೋ, ಅಲ್ಲೇ ನಿಂತವ್ರಲ್ಲ!"

ಎಲ್ಲರೂ ತಿರುಗಿದರು. ಸೊಂಟದವರೆಗೆ ಕೆಸರು, ಕೈಯಲ್ಲಿ ಮೆಷಿನ್ನು. ಆ ಮೆಷಿನ್ನಿಗೂ ಬುದ್ಧಿ ಬೇಡವೇ? ಮೇಡಂ ಹತ್ತಿರ ಬರುತ್ತಿದ್ದಂತೆ ಅವರ ಬಳೆ ಕಂಡು ಕಿಟಾರನೆ ಕಿರುಚಿತು.

"ಓಹೋ! ನೀವು ಮೊದಲೇ ಒಂದು ಜೊತೆ ಎತ್ಕೊಂಡು ಹೋಗಿದೀರಾ. ನಾಳಿದ್ದರೊಳಗೆ ಆಫೀಸಿಗೆ ತಂದು ಜಮಾ ಮಾಡಿ. ಇಲ್ಲಾಂದ್ರೆ ಕೇಸು!"

ಹೀಗೆ, ಸರ್ಕಾರದ ಹತ್ತಿರ ಅವನ ಗುಂಡಿತ್ತು. ಸರ್ಕಾರ ಅವನ ಹತ್ತಿರವಿರುವ ಗುಂಡನ್ನೂ ಕೇಳುತ್ತಿತ್ತು. ಅವನ ಹತ್ತಿರವಿರುವುದು ಸರ್ಕಾರದ ಹತ್ತಿರವಿರುವುದೇ. ಇದನ್ನು ಬಿಡಿಸಿ ಹೇಳಲು ಯಾವ ವಕೀಲನಿಗೂ ಆಗುತ್ತಿರಲಿಲ್ಲ. ಇನ್ನು ಹೆಂಡತಿಗೆ ನಿಜ ಹೇಳದೆ ಗತಿಯಿಲ್ಲ ಅನ್ನುವುದು ಮಾತ್ರ ಅವನಿಗೆ ಹೊಳೆಯಿತು.

ಆದರೆ ಬೀದಿಗೆ ಕೇಳಿಸಬಾರದು. ಅದಕ್ಕೊಂದು ಉಪಾಯ ಹೂಡಿದ. ಮಾರನೆಯ ದಿನ ಮಧ್ಯಾಹ್ನ, ಅಕ್ಕಪಕ್ಕದ ಮಗ್ಗಗಳೆಲ್ಲ ಅಬ್ಬರಿಸುತ್ತಿದ್ದಾಗ, ತನ್ನವನ್ನೂ ಅಷ್ಟೂ ಒಟ್ಟಿಗೆ ಓಡಿಸಿದ. ಗೋಡೆ ಅದುರಿತು, ಲಾಳಿಗಳು ಹುಚ್ಚೆದ್ದು ಅತ್ತಿಂದಿತ್ತ ಓಡಿದವು. ಆ ಸದ್ದಿನ ಮರೆಯಲ್ಲಿ ಹೆಂಡತಿಯನ್ನು ಕರೆದು ನಿಲ್ಲಿಸಿದ.

"ಲೇ, ಆ ಗುಂಡು ಫಿರಂಗೀದಲ್ಲ ಕಣೇ!"

"ಏನಂದ್ರಿ?"

"ಪಾಲಿಶ್‌ಗೆ ಕೊಡಲಿಲ್ಲ ಕಣೇ!"

"ಕೇಳಿಸ್ತಿಲ್ಲ! ಪಾಲಕ್ ಸೊಪ್ಪು ಇಲ್ಲ! ದಂಟು ಐತೆ!"

ಸಂಜೀವಪ್ಪ ಕಣ್ಣುಮುಚ್ಚಿ, ಶ್ವಾಸಕೋಶದಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ, ನರ ಕಿತ್ತುಬರುವಂತೆ ಕೂಗಿದ: "ನಿಮ್ಮಮ್ಮನ ಗುಂಡು ಕಣೇ! ನಾನೇ..."

ಕರೆಂಟು ಹೋಯಿತು.

ಇಡೀ ಬೀದಿಯ ಮಗ್ಗಗಳು ಒಂದೇ ಏಟಿಗೆ ನಿಂತವು. ಹೊರಟ ಮಾತನ್ನು ನಿಲ್ಲಿಸಲು ಅವನಿಗೆ ಸ್ವಿಚ್ಚಿರಲಿಲ್ಲ.

"...ಹೊಳೆಗೆ ಬಿಸಾಕ್ಬಿಟ್ಟೆ!"

ಎದುರು ಮನೆಯ ಜಗುಲಿಯಲ್ಲಿ ಅಪ್ಪಯ್ಯಣ್ಣ ಕಾಫಿ ಲೋಟ ಹಿಡಿದು ಕಲ್ಲಾದ. ಮುನಿರಾಮಯ್ಯ ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಒಳಗೆಳೆದುಕೊಂಡರು. ಬೀದಿಯ ತುದಿಯಲ್ಲಿ ಯಾರದೋ ಕುಕ್ಕರು ಒಂದು ವಿಶಲ್ ಹಾಕಿ ಸುಮ್ಮನಾಯಿತು. ರುಕ್ಮಿಣಮ್ಮ ಗಂಡನ ಮುಖ ನೋಡಿದಳು.

"ಕೂಗ್ಬೇಡಿ" ಅಂದಳು. "ಕೇಳಿಸ್ತು."

ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮಮತ ಮೇಡಂ ಕೆಟ್ಟವರಲ್ಲ. ಗಂಡ ಹೆಂಡತಿ ಇಬ್ಬರೂ ಹೋಗಿ ಹೇಳಿಕೊಂಡಾಗ ಪೂರ್ತಿ ಕೇಳಿದರು.

"ಗುರುತೇನಾದ್ರೂ ಇದೆಯಾ?"

"ಹಲ್ಲಿನ ಗುರುತೈತೆ ಮೇಡಂ" ಅಂದಳು ರುಕ್ಮಿಣಮ್ಮ.

"ಯಾರ ಹಲ್ಲು?"

"ನಮ್ಮಮ್ಮಂದು."

"ಕರ್ಕೊಂಡ್ಬನ್ನಿ."

"ತೀರ್ಕೊಂಡ್ರು."

ಮೇಡಂ, "ಹೋಗಲಿ, ನಿಜ ಅಂತ ನಿಮ್ಮ ಬೀದಿಯವರು ಯಾರಾದ್ರೂ ಇಬ್ಬರು ಹೇಳಲಿ, ಮೇಲಕ್ಕೆ ಬರೀತೀನಿ" ಅಂದು ತಾವೇ ಜೀಪು ಹತ್ತಿ ಬಂದರು.

ಸಂಜೀವಪ್ಪನಿಗೆ ಆಗ ಮೊದಲ ಸಲ ಜೀವ ಬಂತು. ಇಬ್ಬರೇನು, ಇಡೀ ಬೀದಿಯೇ ಕೇಳಿಸಿಕೊಂಡಿತ್ತಲ್ಲ! ಮೇಡಂ ಮೊದಲು ಅಪ್ಪಯ್ಯಣ್ಣನನ್ನು ಕೇಳಿದರು. ಅಪ್ಪಯ್ಯಣ್ಣ ತನ್ನ ಲೇಔಟಿನ ಬ್ಯಾನರನ್ನು ನೆನೆದುಕೊಂಡ.

"ನಮಗೇನ್ ಕೇಳಿಸತ್ತೆ ಮೇಡಂ? ಈ ಮಗ್ಗದ ಸದ್ದು ನೋಡಿ, ಪಕ್ಕದವರು ಸತ್ರೂ ಕೇಳಿಸಲ್ಲ" ಅಂದ.

ಅವತ್ತೂ ಬೀದಿಯಲ್ಲಿ ಕರೆಂಟಿರಲಿಲ್ಲ. ಅವನು ಹಾಗೆ ಹೇಳುವಾಗ ಆಚೆ ಮನೆಯ ಗಡಿಯಾರದ ಟಿಕ್‌ಟಿಕ್ ಕೂಡ ಕೇಳಿಸುತ್ತಿತ್ತು. ಮುನಿರಾಮಯ್ಯ ಮೇಷ್ಟ್ರ ಫೋಟೋ ಆ ಗುಂಡಿನ ಜೊತೆ ಪೇಪರಿನಲ್ಲಿ ಬಂದಿತ್ತು. ಅವರಿಗೂ ಏನೂ ಕೇಳಿಸಿರಲಿಲ್ಲ. ಮುಂಗಡ ಕೊಟ್ಟ ಮನೆಗಳವರೆಲ್ಲ ಕಿವಿಗೆ ಕೈಹಚ್ಚಿ, "ಏನಂದ್ರಿ? ಸ್ವಲ್ಪ ಜೋರಾಗಿ ಹೇಳಿ" ಅಂದರು. ಉಳಿದ ಕಾಲು ಭಾಗದವರು ನೆರೆಯವರ ಮುಖ ನೋಡಿ ತಾವೂ ಕಿವುಡಾದರು. ಮೇಡಂ ಜೀಪು ಹತ್ತಿ ಹೋದರು. ಒಂದು ಉಪಕಾರ ಮಾಡಿದರು, ಕೇಸು ಹಾಕಲಿಲ್ಲ.

ಕಾ‌ರ್ತಿಕದಲ್ಲಿ ಮದುವೆ ಆಯಿತು. ನವ್ಯಶ್ರೀಯ ತಾಳಿಗೆ ಗುಂಡಿನ ಜಾಗದಲ್ಲಿ ಹವಳ ಪೋಣಿಸಿದರು. ಪೋಣಿಸುವಾಗ ಮಗಳು ಅಪ್ಪನ ಕಡೆ ತಿರುಗಿ, "ಬಿಡಪ್ಪಾ, ಹವಳಾನೇ ಚೆನ್ನಾಗೈತೆ" ಅಂದಳು. ಅವನಿಗೆ 'ಬಿಡಪ್ಪಾ' ಅನ್ನುವುದಷ್ಟೇ ಕೇಳಿಸಿತು. ಆಮೇಲಿನದನ್ನು ಅವನು ತನಗೆ ತೋಚಿದಂತೆ ಪೂರ್ತಿ ಮಾಡಿಕೊಂಡು ಛತ್ರದ ಹಿಂದೆ ಹೋಗಿ ಅತ್ತ.

ಮೆಷಿನ್ನು ಅಟ್ಟದ ಮೇಲಿದೆ. ಯಾರಾದರೂ ಉಕ್ಕಿನ ಪಾತ್ರೆ ಹಿಡಿದು ಕೆಳಗೆ ಓಡಾಡಿದರೆ ಒಮ್ಮೊಮ್ಮೆ ಕೂಗುತ್ತಿತ್ತು. ಈಗ ಬ್ಯಾಟರಿ ಮುಗಿದಿದೆ. ರುಕ್ಮಿಣಮ್ಮ ಗಂಡನ ಮೇಲೆ ಒಂದು ದಿನವೂ ರೇಗಲಿಲ್ಲ, ತುಪ್ಪವನ್ನೂ ನಿಲ್ಲಿಸಲಿಲ್ಲ. ಒಂದೇ ವ್ಯತ್ಯಾಸ, ಅವತ್ತಿನಿಂದ ಅವಳು ಕೂಗುವುದನ್ನು ಬಿಟ್ಟಿದ್ದಾಳೆ. ಮಗ್ಗ ಓಡುತ್ತಿದ್ದರೂ ಸರಿ, ನಿಂತಿದ್ದರೂ ಸರಿ, ಮೆತ್ತಗೇ ಮಾತಾಡುತ್ತಾಳೆ. ಸಂಜೀವಪ್ಪ ಎದುರು ಕೂತು ಅವಳ ತುಟಿ ಆಡುವುದನ್ನೇ ನೋಡುತ್ತಾನೆ. ಒಂದಕ್ಷರವೂ ಕೇಳಿಸುವುದಿಲ್ಲ. ಏನಂದೆ ಅಂತ ಕೇಳಲು ಧೈರ್ಯವಿಲ್ಲದೆ, ಎಲ್ಲದಕ್ಕೂ ಹೂಂ ಅನ್ನುತ್ತಾನೆ.